ಬೆನ್ನಿನ ಚೀಲ, ನಾಲ್ಕು ಪಾಲು

ಊರು ಬಿಟ್ಟು ನಾಲ್ಕು ದಿನ ಹೊರಗೆ ಹೋದರೆ ಹೆಂಗಸರಿಗೆ ವಿಶ್ರಾಂತಿ ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಿಮಗೂ ಬರುತ್ತಿರಬೇಕು. ಮದುವೆಗೆ ಹೊರಡಲಿ, ಯಾತ್ರೆಗೆ ಹೊರಡಲಿ, ಹಿಂದಿನ ರಾತ್ರಿ ಹನ್ನೊಂದರವರೆಗೆ ಚಪಾತಿ ಲಟ್ಟಿಸುವವರು ಯಾರು? ಮಕ್ಕಳ ಬಟ್ಟೆ, ಅತ್ತೆಯ ಮಾತ್ರೆ, ಇವರ ಶೇವಿಂಗ್ ಸೆಟ್ಟು ಎಲ್ಲವನ್ನೂ ನೆನಪಿಟ್ಟು ತುಂಬುವವರು ಯಾರು? ಬಸ್ಸು ಹತ್ತುವಾಗ ಮಾತ್ರ ಎಲ್ಲರೂ ಕೈ ಬೀಸಿಕೊಂಡು ಮುಂದೆ, ನಾವು ಚೀಲ ಹಿಡಿದು ಹಿಂದೆ!

ಹೀಗಿದ್ದ ನಾನು ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತಿದ ಕಥೆಯನ್ನು ನಿಮಗೆ ಹೇಳಬೇಕು. ನಾನು ಕ್ರೀಡಾಪಟುವಲ್ಲ. ನಮ್ಮದು ತಿಪಟೂರು, ನನ್ನ ಓಡಾಟವೆಲ್ಲ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮಾರುಕಟ್ಟೆಗೆ. ಮನೆಯಲ್ಲಿ ನಾವಿಬ್ಬರು, ಮಗಳು, ಮಗ ಮತ್ತು ಅತ್ತೆ.

ಮೊದಲ ಹೆಜ್ಜೆ, ಮೊದಲ ಪಾಠ

2017ರ ಜನವರಿಯಲ್ಲಿ ಮಕ್ಕಳ ಹಟಕ್ಕೆ ತುಮಕೂರಿನ ಬಳಿಯ ದೇವರಾಯನದುರ್ಗಕ್ಕೆ ಹೊರಟೆವು. "ಬೆಟ್ಟ ಹತ್ತೋಕೆ ಏನಾದ್ರೂ ಹರಕೆ ಇದ್ಯೇನೇ?" ಎಂದರು ಅತ್ತೆ. "ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ ಇದ್ದಾರೆ ಅತ್ತೆ, ದರ್ಶನ ಮಾಡ್ಕೊಂಡು ಬರ್ತೀವಿ" ಎಂದೆ. ನಮ್ಮ ನಾಡಿನಲ್ಲಿ ಒಂದು ಅನುಕೂಲ, ಯಾವ ಬೆಟ್ಟ ಹತ್ತಿದರೂ ಮೇಲೊಬ್ಬ ದೇವರು ಇರುತ್ತಾನೆ!

ಅಂದು ನಾನು ಸೀರೆ ಉಟ್ಟು, ಒಂದು ಕೈಯಲ್ಲಿ ಮೊಸರನ್ನದ ಡಬ್ಬಿಯ ಚೀಲ, ಇನ್ನೊಂದು ಕೈಯಲ್ಲಿ ನೀರಿನ ಚೀಲ ಹಿಡಿದು ಬಂಡೆಯ ಮೇಲೆ ಹೋಗುತ್ತಿದ್ದೆ. ಕಾಲು ಜಾರಿತು. ಹಿಡಿದುಕೊಳ್ಳಲು ಕೈ ಖಾಲಿ ಇರಲಿಲ್ಲ. ಮೊಣಕಾಲು ತರಚಿತು, ಡಬ್ಬಿ ಉರುಳಿತು. ಮುಂದೆ ಹೋಗಿದ್ದ ಇವರು ಓಡಿ ಬಂದು, "ನೋಡ್ಕೊಂಡು ನಡೀಬಾರ್ದಾ?" ಎಂದರು. ನನಗೆ ಕಾಲಿನ ನೋವಿಗಿಂತ ಆ ಮಾತಿನ ನೋವೇ ಹೆಚ್ಚಾಯಿತು. ನಾಲ್ವರ ಊಟ, ನೀರು ನನ್ನ ಕೈಯಲ್ಲಿ. ಉಳಿದ ಮೂವರ ಕೈ ಖಾಲಿ!

ಹಿಂದಿರುಗುವಾಗ ನಾಮದ ಚಿಲುಮೆಯ ಹತ್ತಿರ ಕುಳಿತೆವು. ಶ್ರೀರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟಾಗ ಬಂಡೆಯಿಂದ ಚಿಮ್ಮಿದ ನೀರು ಅದು ಎಂದು ಪ್ರತೀತಿ. ಕಾಲು ತೊಳೆದುಕೊಳ್ಳುತ್ತ ನಾನು ಎರಡು ತೀರ್ಮಾನ ಮಾಡಿದೆ. ಒಂದು, ಇನ್ನು ಮುಂದೆ ಚೀಲ ಕೈಯಲ್ಲಿ ಅಲ್ಲ, ಬೆನ್ನಿನ ಮೇಲೆ. ಎರಡು, ಎಲ್ಲರ ಬೆನ್ನಿನ ಮೇಲೂ!

ಕೊಬ್ಬರಿ ಅಂಗಡಿಯ ತಕ್ಕಡಿ

ಅದೇ ವರ್ಷ ಡಿಸೆಂಬರಿನಲ್ಲಿ ಕೊಡಚಾದ್ರಿಗೆ ಹೋಗುವುದೆಂದಾಯಿತು. ನಾಲ್ಕು ಬೆನ್ನುಚೀಲಗಳನ್ನು ಹೊಂದಿಸಿದೆವು. ಅದರಲ್ಲಿ ಎರಡು ಮಕ್ಕಳ ಹಳೆಯ ಸ್ಕೂಲ್ ಬ್ಯಾಗುಗಳೇ. ಎಂದಿನಂತೆ ನಾನೇ ತುಂಬಿದೆ. ಆಮೇಲೆ ಏನನ್ನಿಸಿತೋ, ನಾಲ್ಕನ್ನೂ ಪಕ್ಕದ ಕೊಬ್ಬರಿ ಅಂಗಡಿಗೆ ಒಯ್ದು ತೂಗಿಸಿದೆ. ನನ್ನದು 12 ಕೆ.ಜಿ., ಇವರದು 5, ಮಗಳದು 2, ಮಗನದು 1!

ಇವರು ತಕ್ಕಡಿಯನ್ನೇ ನೋಡುತ್ತ ನಿಂತರು. "ನಾನೇನು ಬೇಡ ಅಂದ್ನಾ? ನೀನೇ ತುಂಬ್ಕೊಂಡೆ" ಎಂದರು. ಅದೂ ನಿಜವೇ. ಸೋದರಿಯರೇ, ಇದನ್ನು ನೀವೂ ಯೋಚಿಸಿ. ಅವರು ಕೊಡದಿದ್ದ ಭಾರವನ್ನೂ ನಾವೇ ಎಷ್ಟೋ ಸಲ ಎತ್ತಿಕೊಂಡುಬಿಡುತ್ತೇವೆ, ಆಮೇಲೆ ಕೊರಗುತ್ತೇವೆ.

ಅಂದು ರಾತ್ರಿ ಎಲ್ಲವನ್ನೂ ಚಾಪೆಯ ಮೇಲೆ ಸುರಿದೆವು. ಉಪ್ಪಿನಕಾಯಿಯ ಗಾಜಿನ ಭರಣಿ, ಹೆಚ್ಚಿನ ಬೆಡ್‌ಶೀಟು, ಯಾರೂ ಓದದ ಪುಸ್ತಕ ಇವೆಲ್ಲ ಹೊರಗೆ ಬಿದ್ದವು. ಮೂರು ಕೆ.ಜಿ. ಅಲ್ಲೇ ಇಳಿಯಿತು. ಉಳಿದ 17 ಕೆ.ಜಿ.ಯಲ್ಲಿ ಇವರಿಗೆ 7, ನನಗೆ 5, ಮಗಳಿಗೆ 3, ಮಗನಿಗೆ 2. ಲೆಕ್ಕ ಸುಲಭ. ದೊಡ್ಡವರು ತಮ್ಮ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು, ಮಕ್ಕಳು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರಬಾರದು. ಭಾರದ ಸಾಮಾನು ಬೆನ್ನಿಗೆ ಒತ್ತಿದಂತೆ ನಡುವೆ ಇರಬೇಕು, ಹಗುರವಾದದ್ದು ತಳದಲ್ಲಿ, ನೀರು, ತಿಂಡಿ, ಮಳೆಯ ಅಂಗಿ ಕೈಗೆ ಸಿಗುವಂತೆ ಮೇಲೆ.

ಇನ್ನು ಉಡುಪು. "ಈ ವಯಸ್ಸಿಗೆ ಪ್ಯಾಂಟು ಹಾಕ್ತಾಳಂತೆ" ಎಂಬ ಮಾತು ಬೀದಿಯಲ್ಲಿ ಬಂದೀತೆಂದು ನನಗೆ ಅಳುಕಿತ್ತು. ಹತ್ತಿಯ ಚೂಡಿದಾರ್, ಕಾಲಿಗೆ ಹಿಡಿತವಿರುವ ಬೂಟು ಹಾಕಿಕೊಂಡೆ. ಅತ್ತೆ ಒಂದು ಗಳಿಗೆ ನೋಡಿ, "ಬಿದ್ದು ಕಾಲು ಮುರ್ಕೊಳ್ಳೋದಕ್ಕಿಂತ ಇದೇ ವಾಸಿ" ಎಂದುಬಿಟ್ಟರು!

ಬೆಟ್ಟದ ಮೇಲಿನಿಂದ ಸಮುದ್ರ

ತಿಪಟೂರಿನಿಂದ ಶಿವಮೊಗ್ಗಕ್ಕೆ ರೈಲು, ಅಲ್ಲಿಂದ ಕೊಲ್ಲೂರಿನ ಬಸ್ಸು. ನಡುವೆ ನಿಟ್ಟೂರಿನಲ್ಲಿ ಇಳಿದು ಜೀಪಿನಲ್ಲಿ ಕಟ್ಟಿನಹೊಳೆಗೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಜೀಪು ಮೇಲಿನವರೆಗೂ ಹೋಗುತ್ತದೆ. ಆದರೆ ನಾವು ಹಿಡ್ಲುಮನೆ ಜಲಪಾತದ ಪಕ್ಕದ ಕಾಲುದಾರಿ ಹಿಡಿದೆವು. ಗೊತ್ತಿರುವ ಸ್ಥಳೀಯರೊಬ್ಬರು ಜೊತೆಗಿದ್ದರು. ನೀವೂ ಕಾಡಿನ ದಾರಿಗೆ ಹೊರಟರೆ ಸ್ಥಳೀಯರಿಲ್ಲದೆ ಹೋಗಬೇಡಿ.

ಅಲ್ಲಿ ಮೊದಲ ಸ್ವಾಗತ ಇಂಬಳದ್ದು. ಮಗಳು ಕಿರುಚಿದ್ದು ಕಾಡಿಗೆಲ್ಲ ಕೇಳಿಸಿರಬೇಕು! ಜೊತೆಗಿದ್ದವರು ನಕ್ಕು, ಬಟ್ಟೆಯಲ್ಲಿ ಕಟ್ಟಿದ್ದ ಉಪ್ಪಿನ ಗಂಟನ್ನು ಒದ್ದೆ ಮಾಡಿ ಮುಟ್ಟಿಸಿದರು, ಬಿದ್ದುಹೋಯಿತು. ಇಂಬಳವನ್ನು ಕಿತ್ತೆಳೆಯಬಾರದು. ಬಿಡಿಸಿದ ಮೇಲೆ ಗಾಯ ತೊಳೆದು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಅದರ ಮುಂದೆ ಎತ್ತರದ ಹಳೆಯ ಕಬ್ಬಿಣದ ಕಂಬ. ಅರ್ಚಕರ ಮನೆಯಲ್ಲಿ ರಾತ್ರಿ ಉಳಿದೆವು. ಅನ್ನ, ಸಾರು, ಮಜ್ಜಿಗೆ ನನ್ನ ಮುಂದೆ ಬಂದಾಗ ಗಂಟಲು ಕಟ್ಟಿತು. ಬೇರೆಯವರು ಬಡಿಸಿದ್ದನ್ನು ಬಿಸಿಯಾಗಿ ಉಂಡು ಎಷ್ಟು ಕಾಲವಾಗಿತ್ತೋ!

ಮರುದಿನ ಸರ್ವಜ್ಞ ಪೀಠಕ್ಕೆ ಹತ್ತಿದೆವು. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. ಪುಟ್ಟ ಕಲ್ಲು ಮಂಟಪ, ಸುತ್ತ ಗಾಳಿ. ಮಂಜು ಸರಿದಾಗ ಪಶ್ಚಿಮದಲ್ಲಿ ದೂರಕ್ಕೆ ಬೆಳ್ಳಗೆ ಒಂದು ಗೆರೆ. "ಅಮ್ಮಾ, ಸಮುದ್ರ!" ಎಂದ ಮಗ. ಗಂಡ, ಮಕ್ಕಳು, ಅಡುಗೆ ಯಾವುದೂ ನೆನಪಿಲ್ಲದೆ ಹತ್ತು ನಿಮಿಷ ನಿಂತಿದ್ದೆ. ಬೇಕಾದರೆ ಸ್ವಾರ್ಥ ಎನ್ನಿ, ಆ ಹತ್ತು ನಿಮಿಷವನ್ನು ನಾನು ಯಾರಿಗೂ ಕೊಡಲಾರೆ.

ತುದಿ ಮುಟ್ಟದ ಬೆಟ್ಟ

ಈಗ ನಿಜವಾದ ಪರೀಕ್ಷೆಯ ಮಾತು. 2019ರ ನವೆಂಬರಿನಲ್ಲಿ ಕುಮಾರ ಪರ್ವತಕ್ಕೆ ಹೊರಟೆವು. ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲಿನ ಗುಡ್ಡ. ಅಲ್ಲಿಂದ ಕಲ್ಲು ಮಂಟಪ, ಶೇಷ ಪರ್ವತ, ಆಮೇಲೆ ತುದಿ. ಮೊದಲ ರಾತ್ರಿ ಗಿರಿಗದ್ದೆಯ ಮನೆಯೊಂದರಲ್ಲಿ ಊಟ, ಅಲ್ಲೇ ಬಿಡಾರ.

ಮಾರನೆಯ ಬೆಳಿಗ್ಗೆ ಆರಕ್ಕೆ ಹೊರಡಬೇಕಾದವರು ಒಂಬತ್ತಕ್ಕೆ ಹೊರಟೆವು. ತಪ್ಪು ನಮ್ಮದೇ. ಕಲ್ಲು ಮಂಟಪ ತಲಪುವಾಗ ಮಧ್ಯಾಹ್ನ ಹನ್ನೆರಡು. ಹನ್ನೊಂದು ವರ್ಷದ ಮಗನಿಗೆ ಮೀನಖಂಡ ಹಿಡಿದುಕೊಂಡಿತು, ಮುಖ ಬಾಡಿತು. ನೀರು ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಪಶ್ಚಿಮದಲ್ಲಿ ಕಪ್ಪು ಮೋಡ. ದೂರದಲ್ಲಿ ಒಂದು ಸಲ ಗುಡುಗಿತು.

"ಇನ್ನೇನು ಬಂದೇಬಿಟ್ವಿ. ಇಷ್ಟು ದೂರ ಬಂದು ವಾಪಸ್ ಹೋಗೋದಾ?" ಎಂದರು ಇವರು. ಊರಿನಲ್ಲಿ ಸ್ನೇಹಿತರಿಗೆಲ್ಲ ಹೇಳಿ ಬಂದಿದ್ದರು. ಮಗಳೂ ಅವರ ಕಡೆ.

ಮದುವೆಯಾಗಿ ಹದಿನಾರು ವರ್ಷ. ಅವರ ಮಾತಿಗೆ ಎದುರಾಡಿದವಳಲ್ಲ ಎಂದು ಹೇಳುವುದಿಲ್ಲ; ಗೊಣಗಿದ್ದೇನೆ, ಅತ್ತಿದ್ದೇನೆ, ಕೊನೆಗೆ ಅವರು ಹೇಳಿದ್ದನ್ನೇ ಮಾಡಿದ್ದೇನೆ. ಅಂದು ಗೊಣಗಲಿಲ್ಲ, ಅಳಲೂ ಇಲ್ಲ. "ನೀವು ಹೋಗೋದಾದ್ರೆ ಹೋಗಿ ರೀ. ನಾನು ಮಗೂನ ಕರ್ಕೊಂಡು ಇಳೀತೀನಿ" ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

ಅವರು ಮುಖ ಗಂಟಿಕ್ಕಿದರು. ಆದರೆ ಮಗನ ಚೀಲ ತೆಗೆದು ತಮ್ಮ ಎದೆಗೆ ಹಾಕಿಕೊಂಡರು; ಇಳಿಯಲು ಶುರು ಮಾಡಿದರು. ದಾರಿಯುದ್ದಕ್ಕೂ ಮಾತಿಲ್ಲ. ನನ್ನೊಳಗೂ ಹೊಯ್ದಾಟ, ಮಳೆ ಬಾರದೇ ಹೋದರೆ? ವರ್ಷವಿಡೀ ಈ ಮಾತು ಕೇಳಬೇಕಲ್ಲ! ಗಿರಿಗದ್ದೆಯ ಮನೆಯ ಹೆಂಚು ಕಾಣುವ ಹೊತ್ತಿಗೆ ಮಳೆ ಹಿಡಿಯಿತು. ನಾವು ಆಗಷ್ಟೇ ಬಿಟ್ಟು ಬಂದ ಬೋಳು ಗುಡ್ಡದ ಮೇಲೆ ಮಿಂಚಿನ ಮೇಲೆ ಮಿಂಚು. ಬಯಲು ಗುಡ್ಡದಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ; ಸಿಡಿಲಿಗೆ ಅವನೇ ಗುರಿ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲಪುವ ದೂರದಲ್ಲಿ ನಾವಿದ್ದೇವೆ ಎಂದೇ ಅರ್ಥ.

ಮಗನಿಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆ. ಸಂಜೆಗೆ ಗೆಲುವಾದ. ರಾತ್ರಿ ಊಟವಾದ ಮೇಲೆ ಇವರು ನಾಲ್ಕೂ ತಟ್ಟೆ ತೊಳೆದು ತಂದಿಟ್ಟರು. ಬೇರೆ ಚಾರಣಿಗರು "ತುದಿಗೆ ಹೋದ್ರಾ ಸಾರ್?" ಎಂದು ಕೇಳಿದಾಗ, "ಇಲ್ಲ, ನಮ್ಮನೆಯವಳು ಬೇಡ ಅಂದ್ಲು. ಅವಳು ಅಂದಿದ್ದು ಸರಿಯಾಯ್ತು" ಎಂದರು. ನನಗೆ ಹೇಳಲಿಲ್ಲ, ಅವರಿಗೆ ಹೇಳಿದರು. ನನಗೆ ಅಷ್ಟು ಸಾಕಾಯಿತು.

ಹೊರಡುವ ಮುನ್ನ

ನಿಮಗೂ ಆಸೆಯಾದರೆ ಈ ಮಾತುಗಳು ನೆನಪಿರಲಿ. ಒಂದು ತಿಂಗಳ ಮುಂಚಿನಿಂದ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕೊನೆಯ ವಾರ ಚೀಲ ಹೊತ್ತು ನಡೆಯಿರಿ. ಹೊಸ ಬೂಟನ್ನು ಬೆಟ್ಟದಲ್ಲಿ ಮೊದಲ ಸಲ ಹಾಕಬೇಡಿ. ಬಿ.ಪಿ., ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ತಿಂಗಳ ದಿನ ಹತ್ತಿರವಿದ್ದರೆ ಪ್ಯಾಡು, ಕಾಗದ, ಬಳಸಿದ್ದನ್ನು ಹಿಂದಕ್ಕೆ ತರಲು ಒಂದು ಬಿಗಿ ಚೀಲ ಇರಲಿ. ಅದೊಂದು ಕಾರಣಕ್ಕೆ ಮನೆಯಲ್ಲಿ ಉಳಿಯಬೇಕಾಗಿಲ್ಲ. ಟಾರ್ಚು, ಶಿಳ್ಳೆ, ಬ್ಯಾಂಡೇಜು ಮರೆಯಬೇಡಿ. ಮಧ್ಯಾಹ್ನ ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು ಮನೆಯಲ್ಲೇ ನಿಶ್ಚಯಿಸಿಕೊಳ್ಳಿ.

ಇನ್ನೊಂದು ವಿಷಯ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ನಿಯಮ ಬಿಗಿ ಮಾಡಿತು. ಕಾಡಿನ ಚಾರಣಕ್ಕೆ ಮುಂಚಿತವಾಗಿ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ, ಅಂದಿನ ನಿಯಮ ತಿಳಿದುಕೊಂಡೇ ಹೊರಡಿ.

ದಾರಿಬುತ್ತಿಗೆ: ಹುರಿಹಿಟ್ಟಿನ ಉಂಡೆ

ಬೇಕಾಗುವ ಸಾಮಾನು: ರಾಗಿ ಹುರಿಹಿಟ್ಟು 2 ಲೋಟ, ಹುರಿಗಡಲೆ ಪುಡಿ ಅರ್ಧ ಲೋಟ, ಒಣಕೊಬ್ಬರಿ ತುರಿ ಅರ್ಧ ಲೋಟ, ಬೆಲ್ಲದ ಪುಡಿ ಒಂದೂವರೆ ಲೋಟ, ತುಪ್ಪ 4 ಚಮಚ, ಏಲಕ್ಕಿ 4.

ಕೊಬ್ಬರಿಯನ್ನು ಘಮ ಬರುವಷ್ಟು ಬೆಚ್ಚಗೆ ಮಾಡಿ. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಶೋಧಿಸಿ, ಅಂಟು ಪಾಕ ಬರುವವರೆಗೆ ಕುದಿಸಿ. ಇಳಿಸಿ ತುಪ್ಪ, ಏಲಕ್ಕಿ ಪುಡಿ, ಮಿಕ್ಕೆಲ್ಲ ಸೇರಿಸಿ ಕಲಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ. ನಾಲ್ಕೈದು ದಿನ ಕೆಡುವುದಿಲ್ಲ. ಹಾಲು ಮಾತ್ರ ಹಾಕಬೇಡಿ. ಉಂಡೆ ಕಟ್ಟುವಾಗ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ; ಚೀಲ ಹಂಚಿಕೊಳ್ಳುವುದು ಅಲ್ಲಿಂದಲೇ ಆರಂಭವಾಗಲಿ.

ಬೆಟ್ಟ ಹತ್ತಿ ಬಂದ ಮಾತ್ರಕ್ಕೆ ನಮ್ಮ ಮನೆ ಪೂರ್ತಿ ಬದಲಾಯಿತೆಂದು ಸುಳ್ಳು ಹೇಳಲಾರೆ. ಇವರ ಒದ್ದೆ ಟವಲು ಇಂದಿಗೂ ಮಂಚದ ಮೇಲೆಯೇ ಬೀಳುತ್ತದೆ! ಆದರೆ ಯಾವ ಊರಿಗೆ ಹೊರಟರೂ ಹಿಂದಿನ ರಾತ್ರಿ ಚಾಪೆ ಹಾಸುತ್ತೇವೆ, ಸಾಮಾನು ಸುರಿಯುತ್ತೇವೆ, ನಾಲ್ಕು ಪಾಲು ಮಾಡುತ್ತೇವೆ. ಕಳೆದ ಸಲ ಅತ್ತೆಯೂ ಬಂದು ಕುಳಿತು, "ನನ್ನ ಮಾತ್ರೆ ಡಬ್ಬಿ ನಾನೇ ಇಟ್ಕೋತೀನಿ, ಕೊಡಿ" ಎಂದರು.

ಕುಮಾರ ಪರ್ವತದ ತುದಿಯನ್ನು ನಾವು ಇನ್ನೂ ನೋಡಿಲ್ಲ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನಿಮ್ಮ ಊರಿನ ಹತ್ತಿರವೂ ಒಂದು ಗುಡ್ಡ ಇದ್ದೇ ಇರುತ್ತದೆ. ಮುಂದಿನ ಭಾನುವಾರ ಅದರಿಂದಲೇ ಶುರು ಮಾಡಿ. ಹೊರಡುವ ಮುಂಚೆ ಮಾತ್ರ, ನಿಮ್ಮ ಚೀಲವನ್ನು ಒಮ್ಮೆ ತೂಗಿ ನೋಡಿ.