ಮಾಲ್ಟಾ ದ್ವೀಪದ ಮೋಟಾರು ಬಸ್ಸುಗಳು

ಬರಬೇಕಾದ ಬಸ್ಸು ಹೊತ್ತಿಗೆ ಬಾರದಿದ್ದರೆ ಮನೆಯ ಎಷ್ಟು ಕೆಲಸಗಳು ಕೆಡುವುವೆಂಬುದನ್ನು ನಮ್ಮ ವಾಚಕರಿಗೆ, ಅದರಲ್ಲಿಯೂ ಗೃಹಿಣಿಯರಿಗೆ, ನಾವು ಹೇಳಬೇಕಾದುದಿಲ್ಲ. ಮಕ್ಕಳ ಶಾಲೆ, ವೈದ್ಯರ ಭೇಟಿ, ಸಂತೆಯ ಚೀಲ ಎಲ್ಲವೂ ಆ ಒಂದು ಬಸ್ಸನ್ನೇ ನಂಬಿಕೊಂಡಿರುವುವು. ಹೀಗಿರುವಾಗ ಒಂದು ನಾಡಿನ ಬಸ್ಸುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಬದಲಾಯಿಸಿಬಿಟ್ಟರೆ ಏನಾಗುವುದು? ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಾಲ್ಟಾ ದೇಶದವರು ಇದನ್ನು ಮಾಡಿ ನೋಡಿದರು.

ಮಾಲ್ಟಾ ಬಹಳ ಸಣ್ಣ ದೇಶ. ಇಟಲಿಯ ಸಿಸಿಲಿ ದ್ವೀಪಕ್ಕೆ ತೆಂಕಣದಲ್ಲಿರುವ ಈ ದ್ವೀಪಸಮೂಹದ ವಿಸ್ತಾರವೆಲ್ಲ ಸೇರಿ ಸುಮಾರು 316 ಚದರ ಕಿಲೋಮೀಟರು. ನಮ್ಮ ಅನೇಕ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 5 ಲಕ್ಷದ 19 ಸಾವಿರದಷ್ಟು. ಆದರೆ 2019ನೆಯ ಒಂದು ವರ್ಷದಲ್ಲಿಯೇ ಅಲ್ಲಿಗೆ ಬಂದ ಪ್ರವಾಸಿಗರು 27 ಲಕ್ಷಕ್ಕೂ ಹೆಚ್ಚು. ಮನೆಯವರು ಒಬ್ಬರಾದರೆ ನೆಂಟರು ಐವರು. ಇಂತಹ ಮನೆಯಲ್ಲಿ ಬಸ್ಸು ಯಾರದು ಎಂಬ ಪ್ರಶ್ನೆ ಹುಟ್ಟದೆ ಇದ್ದೀತೆ?

ಆ ದ್ವೀಪದಲ್ಲಿ ಮೊದಲು ಹೊಗೆಬಂಡಿಯೂ ಇದ್ದಿತು. ರಾಜಧಾನಿಯಾದ ವಲೆಟ್ಟಾದಿಂದ ಹಳೆಯ ರಾಜಧಾನಿಯಾದ ಮ್ದೀನಾದ ಕಡೆಗೆ 1883ರಲ್ಲಿ ಆರಂಭವಾದ ಆ ದಾರಿಯನ್ನು 1931ರಲ್ಲಿ ಮುಚ್ಚಿದರು. ಟ್ರಾಮುಗಳು ಅದಕ್ಕೂ ಮೊದಲೇ ನಿಂತುಹೋಗಿದ್ದುವು. ಅಂದಿನಿಂದ ಬಸ್ಸೇ ಗತಿಯಾಯಿತು. ಮಾಲ್ಟಾ ಭಾಷೆಯಲ್ಲಿ ಬಸ್ಸಿಗೆ 'ಶಾರಬ್ಯಾಂಕ್' ಎಂದು ಹೆಸರು. ಬೆಂಚುಗಳುಳ್ಳ ಗಾಡಿ ಎಂಬರ್ಥದ ಫ್ರೆಂಚ್ ಮಾತೊಂದು ಅಲ್ಲಿಯವರ ನಾಲಗೆಯಲ್ಲಿ ಹೀಗಾಗಿದೆ.

ಈ ಹಳೆಯ ಬಸ್ಸುಗಳ ಸೊಗಸನ್ನು ಸ್ವಲ್ಪ ಹೇಳಲೇಬೇಕು. ಇವು ಯಾವುದೋ ದೊಡ್ಡ ಸಂಸ್ಥೆಯ ಸೊತ್ತಾಗಿರಲಿಲ್ಲ. ಓಡಿಸುವವನೇ ಬಹುಮಟ್ಟಿಗೆ ಒಡೆಯನಾಗಿದ್ದನು. ಇಂಗ್ಲೆಂಡಿನಿಂದ ಬಂದ ಬೆಡ್‌ಫರ್ಡ್, ಲೇಲ್ಯಾಂಡ್ ಮೊದಲಾದ ಯಂತ್ರಗಳ ಮೇಲೆ ಊರಿನ ಕಮ್ಮಾರರೂ ಬಡಗಿಗಳೂ ತಮ್ಮ ಕೈಯಿಂದಲೇ ಮೈಕಟ್ಟನ್ನು ಕಟ್ಟುತ್ತಿದ್ದರು. ಮೊದಲು ಒಂದೊಂದು ದಾರಿಯ ಬಸ್ಸಿಗೆ ಒಂದೊಂದು ಬಣ್ಣವಿದ್ದು, ಓದು ಬಾರದವರೂ ತಮ್ಮ ಊರಿನ ಗಾಡಿಯನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಅನಂತರ ಎಲ್ಲಕ್ಕೂ ಹಸಿರು ಬಣ್ಣ ಬಂದಿತು, 1995ರಿಂದ ಹಳದಿ. ಒಡೆಯನು ತನ್ನ ಗಾಡಿಯನ್ನು ಮದುವಣಗಿತ್ತಿಯಂತೆ ಅಲಂಕರಿಸುತ್ತಿದ್ದನು. ಮುಂಭಾಗದಲ್ಲಿ ಹೊಳೆಯುವ ಬಿಳಿಲೋಹದ ಪಟ್ಟಿಗಳು. ಚಾಲಕನ ಪಕ್ಕದಲ್ಲಿ ಕನ್ಯಾಮೇರಿಯ ಅಥವಾ ಊರಿನ ಸಂತನ ಚಿತ್ರಪಟ. ಪ್ರವಾಸಿಗರಿಗೆ ಇವುಗಳ ಮೇಲೆ ಅಪಾರ ಮೋಹ. ಅಂಗಡಿಗಳಲ್ಲಿ ಇವುಗಳ ಚಿತ್ರವುಳ್ಳ ಕಾರ್ಡುಗಳೂ ಪುಟ್ಟ ಆಟಿಕೆಗಳೂ ಮಾರಾಟವಾಗುತ್ತಿದ್ದುವು.

ಆದರೆ ಚಿತ್ರ ತೆಗೆದುಕೊಂಡು ಹೋಗುವವನ ಸುಖ ಬೇರೆ, ದಿನವೂ ಹತ್ತಿಳಿಯುವವಳ ಕಷ್ಟ ಬೇರೆ. ಮೆಟ್ಟಿಲುಗಳು ಎತ್ತರ, ಮಂಡಿನೋವಿನ ಮುದುಕಿಗೆ ಅದು ಬೆಟ್ಟವೇ ಸರಿ. ಕಾಲಿಲ್ಲದವರು ಗಾಲಿಕುರ್ಚಿಯೊಡನೆ ಏರುವ ಮಾತೇ ಇರಲಿಲ್ಲ. ಎಷ್ಟೋ ಗಾಡಿಗಳು ಕರಿಯ ಹೊಗೆಯನ್ನುಗುಳುತ್ತಿದ್ದುವು. ಚಾಲಕರ ಒಗ್ಗಟ್ಟೂ ಸಾಮಾನ್ಯವಾದುದಲ್ಲ. 2008ರ ಜುಲೈ ತಿಂಗಳಲ್ಲಿ ಶವವಾಹನಗಳ ವ್ಯವಹಾರವನ್ನು ಎಲ್ಲರಿಗೂ ತೆರೆಯುವ ವಿಚಾರವಾಗಿ ಮುಷ್ಕರವೆದ್ದಾಗ ಬಸ್ಸಿನವರೂ ಅದನ್ನು ಸೇರಿಕೊಂಡು ಊರನ್ನೇ ನಿಲ್ಲಿಸಿದರು! ಸತ್ತವರ ಗಾಡಿಗಾಗಿ ಬದುಕಿರುವವರು ಬಿಸಿಲಿನಲ್ಲಿ ನಡೆಯಬೇಕಾಯಿತು.

ಸರ್ಕಾರವು ಹಳೆಯದನ್ನು ಪೂರ್ತಿಯಾಗಿ ತೆಗೆದುಹಾಕಲು ನಿಶ್ಚಯಿಸಿತು. 2011ರ ಜುಲೈ 2ನೆಯ ತಾರೀಖು ಹಳದಿ ಬಸ್ಸುಗಳ ಕೊನೆಯ ದಿನ. ಮರುದಿನವೇ ಬ್ರಿಟನ್ನಿನ ಅರೈವಾ ಎಂಬ ಸಂಸ್ಥೆಯ ಬಸ್ಸುಗಳು ಬೀದಿಗಿಳಿದುವು. ಹಲವು ಚಾಲಕರು ಕೆಲಸಕ್ಕೇ ಬರಲಿಲ್ಲ. ಮಾರ್ಗಗಳೂ ಸಂಖ್ಯೆಗಳೂ ಒಟ್ಟಿಗೆ ಬದಲಾಗಿದ್ದುವು. ಮೊದಲು ನೇರವಾಗಿ ವಲೆಟ್ಟಾಕ್ಕೆ ಹೋಗಿಬರುತ್ತಿದ್ದವರು ನಡುವೆ ಇಳಿದು ಇನ್ನೊಂದನ್ನು ಹಿಡಿಯಬೇಕಾಯಿತು. ಕಾಗದದ ಮೇಲೆ ಇದು ಜಾಣತನವಾಗಿ ಕಂಡಿರಬಹುದು; ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಮಗು ಇರುವವಳಿಗೆ ಹಾಗೆ ತೋರಲಾರದು.

ಇದಲ್ಲದೆ ಲಂಡನ್ ನಗರವು ಬಿಟ್ಟುಬಿಡುತ್ತಿದ್ದ, ನಡುವೆ ಬಾಗುವ ಉದ್ದನೆಯ ಬಸ್ಸುಗಳನ್ನೂ ಅಲ್ಲಿಗೆ ತಂದರು. ಹಳೆಯ ಊರುಗಳ ಇಕ್ಕಟ್ಟಾದ ತಿರುವುಗಳಿಗೆ ಇವು ಹೊಂದುವುದು ಹೇಗೆ? 2013ರ ಆಗಸ್ಟಿನಲ್ಲಿ ಇಂತಹ ಬಸ್ಸುಗಳು ಒಂದರ ಹಿಂದೊಂದು ಬೆಂಕಿಗೆ ತುತ್ತಾದುದರಿಂದ ಸರ್ಕಾರವು ಅವನ್ನು ಬೀದಿಯಿಂದ ತೆಗೆಸಿತು. ಟಿಕೇಟಿನ ದರದಲ್ಲಿಯೂ ವಿವಾದ. ಊರವರಿಗೆ ಕಡಿಮೆ, ಹೊರಗಿನವರಿಗೆ ಹೆಚ್ಚು ಎಂದು ಗೊತ್ತುಮಾಡಿದ್ದನ್ನು ಯೂರೋಪಿನ ಒಕ್ಕೂಟದ ಅಧಿಕಾರಿಗಳು ಆಕ್ಷೇಪಿಸಿದರು. ನೆಂಟರಿಂದ ಹೆಚ್ಚು ವಸೂಲು ಮಾಡುವುದು ಒಳ್ಳೆಯ ಸಂಪ್ರದಾಯವಲ್ಲವೆಂದು ನಮಗೂ ತೋರುವುದು. ಆದರೆ ಬಸ್ಸಿಗಾಗಿ ವರ್ಷವಿಡೀ ತೆರಿಗೆ ಕೊಡುವವರ ಮಾತನ್ನೂ ತಳ್ಳಿಹಾಕಲಾಗದು.

2014ರ ಆರಂಭದಲ್ಲಿ ಅರೈವಾ ಹೊರಟುಹೋಯಿತು. ಒಂದು ವರ್ಷ ಸರ್ಕಾರವೇ ಬಸ್ಸುಗಳನ್ನು ನಡೆಸಿ, 2015ರ ಜನವರಿಯಲ್ಲಿ ಸ್ಪೇನ್ ದೇಶದ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಮೆಟ್ಟಿಲು ತಗ್ಗಾಗಿರುವ, ತಂಪು ಗಾಳಿಯ ಬಸ್ಸುಗಳು ಉಳಿದುಕೊಂಡುವು. ಇದು ನಿಜವಾದ ಲಾಭ. ಪ್ರಯಾಣಿಕರಿಗೆ 'ತಲ್ಲಿನ್ಯಾ' ಎಂಬ ಚೀಟಿಯನ್ನು ಕೊಟ್ಟರು. ದಾರಿಯ ಬಸ್ಸಿಗೆ ಜನರು ಬಳಸುತ್ತಿದ್ದ ಹಳೆಯ ಹೆಸರೇ ಅದು. 2022ರ ಅಕ್ಟೋಬರಿನಿಂದ ತಮ್ಮ ಹೆಸರಿನ ತಲ್ಲಿನ್ಯಾ ಚೀಟಿಯುಳ್ಳ ನಿವಾಸಿಗಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೇ ಉಚಿತವಾಯಿತು. ಕರ್ನಾಟಕದಲ್ಲಿ 2023ರ ಜೂನಿನಿಂದ ಹೆಂಗಸರಿಗೆ ದೊರೆತ ಸೌಕರ್ಯವನ್ನು ಬಲ್ಲ ನಮ್ಮ ಸೋದರಿಯರಿಗೆ ಇದರ ಬೆಲೆ ತಿಳಿದೀತು.

ದುಡ್ಡಿನ ತೊಡಕು ಹೋಯಿತು, ಜಾಗದ ತೊಡಕು ಹೋಗಿಲ್ಲ. ಆ ಸಣ್ಣ ನಾಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಮೋಟಾರು ವಾಹನಗಳಿರುವುವು. ಹೊಸ ಬಸ್ಸಾದರೂ ಅವುಗಳ ನಡುವೆಯೇ ತೆವಳಬೇಕು. ಬೇಸಗೆಯಲ್ಲಿ ಕಡಲತೀರದ ಹೋಟೆಲುಗಳ ಬಳಿ ಹೊರಟ ಬಸ್ಸು ಅಲ್ಲಿಯೇ ತುಂಬಿ, ಮುಂದಿನ ನಿಲ್ದಾಣಗಳಲ್ಲಿ ಕೈಯೆತ್ತಿದವರನ್ನು ನೋಡಿಯೂ ನಿಲ್ಲದೆ ಸಾಗುವುದುಂಟು. ಸಂತೆಯಿಂದ ಬಂದವಳು ಉಚಿತ ಚೀಟಿಯನ್ನು ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ ಮುಂದಿನ ಬಸ್ಸಿನ ದಾರಿ ಕಾಯುತ್ತಾಳೆ.