ಗೆರೆಯಾಚೆ ನಿಲ್ಲಲಾರದ ಕೋಚ್

ಎಡಕುಮೇರಿ ಘಾಟಿಯಲ್ಲಿ ಗೂಡ್ಸ್ ರೈಲು ಹತ್ತುವುದನ್ನು ನೋಡಿದವರಿಗೆ ಬ್ಯಾಂಕರ್ ಎಂಜಿನ್ ಗೊತ್ತಿರುತ್ತದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್, ನಡುವೆ 57 ಸುರಂಗ, ಐವತ್ತು ಅಡಿಗೆ ಒಂದಡಿ ಏರು. ಮುಂದಿನ ಎಂಜಿನ್ ಎಳೆದರಷ್ಟೇ ಸಾಲದು, ಬಾಲಕ್ಕೂ ಎಂಜಿನ್ ಕಟ್ಟಿ ತಳ್ಳಿಸಬೇಕು. ರೈಲು ಸಕಲೇಶಪುರ ಮುಟ್ಟಿದರೆ ಹಿಂದಿನ ಎಂಜಿನ್ನನ್ನು ಕೇಳುವವರಿಲ್ಲ. ನಡುದಾರಿಯಲ್ಲಿ ನಿಂತರೆ ಮೊದಲು ಬೈಗುಳ ಬೀಳುವುದು ಅದಕ್ಕೇ. ಫುಟ್‌ಬಾಲ್ ಕೋಚ್ ಕಸುಬೂ ಹೆಚ್ಚುಕಡಿಮೆ ಇದೇ.

2019ರಿಂದ 2024ರವರೆಗೆ ಭಾರತ ತಂಡವನ್ನು ಹಿಂದಿನಿಂದ ತಳ್ಳುವ ಕೆಲಸ ಕ್ರೊವೇಷ್ಯದ ಇಗೊರ್ ಸ್ಟಿಮಾಚ್ ಅವರದಾಗಿತ್ತು. ತೊಂದರೆ ಏನೆಂದರೆ, ಹಿಂದೆ ನಿಲ್ಲುವ ಸ್ವಭಾವವೇ ಆ ಮನುಷ್ಯನದಲ್ಲ. ಅದನ್ನು ಕನ್ನಡದ ಪ್ರೇಕ್ಷಕರು ಹತ್ತಿರದಿಂದಲೇ ಕಂಡರು.

2023ರ ಜೂನ್ 21. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌, ಭಾರತಕ್ಕೆ ಎದುರಾಳಿ ಪಾಕಿಸ್ತಾನ. ವೀಸಾ ತಡವಾಗಿ ಪಾಕಿಸ್ತಾನದ ಆಟಗಾರರು ಬೆಂಗಳೂರಿಗೆ ಬಂದಿಳಿದದ್ದೇ ಅಂದು. ಸುನಿಲ್ ಚೆಟ್ರಿ ಆಗಲೇ ಎರಡು ಗೋಲು ಹೊಡೆದಾಗಿತ್ತು, ವಿರಾಮಕ್ಕೆ ಇನ್ನು ಸ್ವಲ್ಪ ಹೊತ್ತು. ಪಾಕಿಸ್ತಾನದ ಆಟಗಾರ ಗೆರೆಯ ಬಳಿ ಥ್ರೋ-ಇನ್ ಎಸೆಯಲು ಕೈ ಎತ್ತಿದ್ದಾರೆ. ಹಿಂದಿನಿಂದ ಬಂದ ಸ್ಟಿಮಾಚ್ ಚೆಂಡನ್ನು ಕೈಯಿಂದ ತಟ್ಟಿ ಬೀಳಿಸಿಬಿಟ್ಟರು! ಎರಡೂ ತಂಡದವರು ಒಟ್ಟಾಗಿ ನುಗ್ಗಿದರು, ತಳ್ಳಾಟವಾಯಿತು, ಕೋಚ್‌ಗೆ ರೆಡ್ ಕಾರ್ಡ್. ಪಂದ್ಯವನ್ನು ಭಾರತ 4-0 ಗೆದ್ದಿತು, ಚೆಟ್ರಿ ಹ್ಯಾಟ್ರಿಕ್ ಮಾಡಿದರು. ಎರಡು ಗೋಲು ಮುಂದಿರುವ ತಂಡದ ಕೋಚ್ ಹೀಗೆ ಮಾಡಬೇಕಾದ ಯಾವ ಅಗತ್ಯವೂ ಇರಲಿಲ್ಲ.

ಒಂದು ಪಂದ್ಯದ ನಿಷೇಧ ಮುಗಿಸಿ ಕುವೈತ್ ವಿರುದ್ಧ ಮರಳಿದರು. ಅಲ್ಲೂ ರೆಫರಿಯೊಂದಿಗೆ ಜಗಳ, ಇನ್ನೊಂದು ರೆಡ್ ಕಾರ್ಡ್. ಈ ಸಲ ಎರಡು ಪಂದ್ಯ ನಿಷೇಧ. ಹಾಗಾಗಿ ಲೆಬನಾನ್ ಎದುರಿನ ಸೆಮಿಫೈನಲ್‌ನಲ್ಲೂ ಜುಲೈ 4ರ ಫೈನಲ್‌ನಲ್ಲೂ ಬೆಂಚಿನ ಬಳಿ ನಿಂತದ್ದು ಸಹಾಯಕ ಕೋಚ್, ಗೋವಾದ ಮಹೇಶ್ ಗವಳಿ. ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು. ಸಹಲ್ ಅಬ್ದುಲ್ ಸಮದ್ ಕೊಟ್ಟ ಪಾಸಿನಲ್ಲಿ ಛಾಂಗ್ಟೆ ಸಮ ಮಾಡಿದರು. ಪೆನಾಲ್ಟಿ ಶೂಟೌಟ್‌ನ ಕೊನೆಯ ಹೊಡೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು, 5-4. ಭಾರತಕ್ಕೆ ಒಂಬತ್ತನೇ ಸ್ಯಾಫ್ ಕಪ್.

ಕೋಚ್ ಬೆಂಚಿನಲ್ಲಿ ಇಲ್ಲದೆಯೇ ತಂಡ ಗೆದ್ದಿತಲ್ಲ, ಹಾಗಾದರೆ ಕೋಚ್ ಮಾಡುವುದಾದರೂ ಏನು ಎಂದು ಯಾರಾದರೂ ಕೇಳಬಹುದು. ಮಾಡುವುದನ್ನೆಲ್ಲ ಅವನು ಪಂದ್ಯಕ್ಕೆ ಮೊದಲೇ ಮಾಡಿ ಮುಗಿಸಿರುತ್ತಾನೆ. ಮೊದಲಿನ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಕಾಲದಲ್ಲಿ ಹಿಂದಿನಿಂದ ಉದ್ದಕ್ಕೆ ಒದ್ದು ಮುಂದೆ ಓಡುತ್ತಿದ್ದ ತಂಡಕ್ಕೆ, ಡಿಫೆನ್ಸ್‌ನಿಂದಲೇ ಸಣ್ಣ ಸಣ್ಣ ಪಾಸುಗಳಲ್ಲಿ ಆಟ ಕಟ್ಟುವುದನ್ನು ರೂಢಿಸಲು ಸ್ಟಿಮಾಚ್ ನಾಲ್ಕು ವರ್ಷ ಹೆಣಗಿದ್ದರು. ಬೆಂಗಳೂರಿನಲ್ಲಿ ಕಂಡದ್ದು ಅದರ ಫಲ. ಮೈದಾನದ ಅಂಚಿನಲ್ಲಿ ಕೈಕಾಲು ಬಡಿಯುವುದು ಟಿವಿಯವರಿಗೆ ಬೇಕಾದದ್ದು, ಆಟಕ್ಕೇನೂ ಅಲ್ಲ.

ಈ ಮುಂಗೋಪ ಬಂದದ್ದು ಎಲ್ಲಿಂದ? ಸ್ಟಿಮಾಚ್ ಹುಟ್ಟಿದ್ದು 1967ರ ಸೆಪ್ಟೆಂಬರ್ 6ರಂದು ಮೆಟ್ಕೊವಿಚ್‌ನಲ್ಲಿ. ನೆರೆಟ್ವ ನದಿಯ ಬಯಲಿನ, ಕಿತ್ತಳೆ ಜಾತಿಯ ಹಣ್ಣಿಗೆ ಹೆಸರಾದ ಸೀಮೆಯ ಊರು ಅದು. ಆಗ ಅದು ಯುಗೊಸ್ಲಾವಿಯಕ್ಕೆ ಸೇರಿತ್ತು. ಆಟ ಕಲಿತದ್ದು ಸ್ಪ್ಲಿಟ್ ನಗರದ ಹೈದುಕ್ ಕ್ಲಬ್ಬಿನಲ್ಲಿ. 1987ರಲ್ಲಿ ಚಿಲಿಯಲ್ಲಿ ನಡೆದ ಯುವ ವಿಶ್ವಕಪ್ಪನ್ನು ಯುಗೊಸ್ಲಾವಿಯ ಗೆದ್ದಾಗ ಬೋಬನ್, ಪ್ರೊಸಿನೆಚ್ಕಿ, ಶುಕರ್ ಅವರ ಜೊತೆ ಈ ಎತ್ತರದ ಡಿಫೆಂಡರ್ ಕೂಡ ಇದ್ದರು. ನಾಲ್ಕೇ ವರ್ಷದಲ್ಲಿ ಆ ದೇಶ ಒಡೆಯಿತು.

ಒಡೆಯುವ ಸದ್ದು ಮೈದಾನದಲ್ಲೂ ಕೇಳಿತ್ತು. 1991ರ ಮೇ 8, ಬೆಲ್‌ಗ್ರೇಡ್, ಯುಗೊಸ್ಲಾವ್ ಕಪ್ ಫೈನಲ್. ಕ್ರೊವೇಷ್ಯದ ಹೈದುಕ್‌ಗೆ ಎದುರಾಳಿ ಸರ್ಬಿಯದ ರೆಡ್ ಸ್ಟಾರ್. ಹಳ್ಳಿಗಳಲ್ಲಿ ಆಗಲೇ ಗುಂಡು ಹಾರುತ್ತಿದ್ದ ದಿನಗಳು. ಸ್ಟಿಮಾಚ್ ಮತ್ತು ರೆಡ್ ಸ್ಟಾರ್‌ನ ಸಿನಿಷಾ ಮಿಹೈಲೊವಿಚ್ ನಡುವೆ ಮಾತಿಗೆ ಮಾತು ಬೆಳೆದು ಇಬ್ಬರೂ ಹೊರಬಿದ್ದರು. ತನ್ನ ಮನೆಯವರು ಸಾಯಲಿ ಎಂದು ಸ್ಟಿಮಾಚ್ ಶಪಿಸಿದರೆಂದು ಮಿಹೈಲೊವಿಚ್ ಹೇಳುತ್ತ ಬಂದರು, ಸ್ಟಿಮಾಚ್ ಅಲ್ಲಗಳೆಯುತ್ತ ಬಂದರು. ಹೈದುಕ್ 1-0 ಗೆದ್ದು ಕಪ್ಪನ್ನು ಸ್ಪ್ಲಿಟ್‌ಗೆ ಒಯ್ದಿತು. ಮುಂದಿನ ತಿಂಗಳು ಕ್ರೊವೇಷ್ಯ ಸ್ವಾತಂತ್ರ್ಯ ಘೋಷಿಸಿತು.

ಇಪ್ಪತ್ತೆರಡು ವರ್ಷದ ಮೇಲೆ ಇದೇ ಇಬ್ಬರು ಮತ್ತೆ ಎದುರಾದರು, ಈ ಸಲ ಕೋಚುಗಳಾಗಿ. 2014ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕ್ರೊವೇಷ್ಯಕ್ಕೆ ಸ್ಟಿಮಾಚ್, ಸರ್ಬಿಯಕ್ಕೆ ಮಿಹೈಲೊವಿಚ್. ಭದ್ರತೆಗಾಗಿ ಎದುರಾಳಿ ದೇಶದ ಪ್ರೇಕ್ಷಕರನ್ನು ಎರಡೂ ಪಂದ್ಯಗಳಿಗೆ ಬಿಡಲಿಲ್ಲ. ಝಾಗ್ರೆಬ್‌ನಲ್ಲಿ ಕ್ರೊವೇಷ್ಯ 2-0 ಗೆದ್ದಿತು, ಬೆಲ್‌ಗ್ರೇಡ್‌ನಲ್ಲಿ 1-1. ಆಟಗಾರರಾಗಿ ಕಾದಾಡಿದವರು ಕೋಚುಗಳಾಗಿ ಆ ಎರಡು ಪಂದ್ಯಗಳನ್ನು ದಾಟಿಸಿದ್ದು ಇವರ ವೃತ್ತಿಜೀವನದ ದೊಡ್ಡ ಕೆಲಸ ಎಂದೇ ಹೇಳಬೇಕು.

ನಡುವಿನ ವರ್ಷಗಳೂ ಸಪ್ಪೆಯಲ್ಲ. ಸ್ಪೇನಿನ ಕಾಡಿಸ್, ಮತ್ತೆ ಹೈದುಕ್, ಆಮೇಲೆ ಇಂಗ್ಲೆಂಡಿನ ಡರ್ಬಿ ಕೌಂಟಿ. ಡರ್ಬಿಗೆ ಆಡಿದ ಮೊದಲ ಪಂದ್ಯದಲ್ಲಿ ಗೋಲು ಹೊಡೆದರೂ ತಂಡ 5-1ರಲ್ಲಿ ಸೋತಿತು. ಅದಾದ ಮೇಲೆ ಇಪ್ಪತ್ತು ಲೀಗ್ ಪಂದ್ಯ ಸೋಲನ್ನೇ ಕಾಣದೆ, 1996ರಲ್ಲಿ ಡರ್ಬಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಅದೇ ವರ್ಷದ ಯೂರೊ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಎದುರು 1-1 ಇದ್ದಾಗ ಸ್ಟಿಮಾಚ್‌ಗೆ ರೆಡ್ ಕಾರ್ಡ್. ಕೆಲವೇ ನಿಮಿಷಗಳಲ್ಲಿ ಜರ್ಮನಿ ಗೆಲುವಿನ ಗೋಲು ಹೊಡೆಯಿತು. ಸೇಡು ತೀರಿದ್ದು 1998ರ ವಿಶ್ವಕಪ್‌ನಲ್ಲಿ. ಜನಸಂಖ್ಯೆಯಲ್ಲಿ ಬೆಂಗಳೂರಿನ ಅರ್ಧವೂ ಇಲ್ಲದ, ಮೊದಲ ಸಲ ವಿಶ್ವಕಪ್ ಆಡಿದ ದೇಶವು ಜರ್ಮನಿಯನ್ನು 3-0ಯಿಂದ ಮಣಿಸಿ ಮೂರನೇ ಸ್ಥಾನ ಪಡೆಯಿತು. ಆ ತಂಡದ ರಕ್ಷಣಾ ಸಾಲಿನಲ್ಲಿ ಸ್ಟಿಮಾಚ್ ಇದ್ದರು. ದೇಶಕ್ಕೆ ಒಟ್ಟು 53 ಪಂದ್ಯ ಆಡಿದರು.

ಕೋಚ್ ಆಗಿ ಅಂಥ ಎತ್ತರ ಸಿಗಲಿಲ್ಲ. ತವರಿನ ಹೈದುಕ್, ಸಿಬಾಲಿಯ, ಝಾಗ್ರೆಬ್ ಕ್ಲಬ್ಬುಗಳು. 2012ರಲ್ಲಿ ರಾಷ್ಟ್ರೀಯ ತಂಡ, ಮರುವರ್ಷ ಸ್ಕಾಟ್ಲೆಂಡ್ ಎದುರು ಸೋತ ಬೆನ್ನಲ್ಲೇ ಅಲ್ಲಿಂದ ಬಿಡುಗಡೆ. ನಂತರ ಇರಾನ್, ಕತಾರ್. 2019ರ ಮೇ 15ರಂದು ಭಾರತ.

ನಮ್ಮಲ್ಲಿ ಶುರುವಾತೇನೋ ಜೋರಾಗಿತ್ತು. ಆ ಸೆಪ್ಟೆಂಬರ್‌ನಲ್ಲಿ ಏಷ್ಯಾ ಚಾಂಪಿಯನ್ ಕತಾರನ್ನು ದೋಹಾದಲ್ಲೇ, ಅದೂ ಚೆಟ್ರಿ ಇಲ್ಲದೆ, 0-0ಗೆ ತಡೆದು ನಿಲ್ಲಿಸಿದರು. 2023 ಅವರ ಒಳ್ಳೆಯ ವರ್ಷ: ಇಂಫಾಲ, ಭುವನೇಶ್ವರ, ಬೆಂಗಳೂರಿನಲ್ಲಿ ಸಾಲಾಗಿ ಮೂರು ಟ್ರೋಫಿ, ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನ. ಅಲ್ಲಿಂದ ಇಳಿಜಾರು. ಕ್ಲಬ್ಬುಗಳು ಆಟಗಾರರನ್ನು ಬಿಡುತ್ತಿಲ್ಲ, ಶಿಬಿರಕ್ಕೆ ದಿನ ಸಾಲದು ಎಂದು ಜಗಳವಾಡುತ್ತಲೇ ಇದ್ದರು. ಅದರಲ್ಲಿ ಹುರುಳಿತ್ತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ತಂಡ ಬಂದಿಳಿದದ್ದು ಪಂದ್ಯದ ಹಿಂದಿನ ದಿನ, ಚೀನಾ ಎದುರು 5-1 ಸೋಲು. ಆದರೆ 2024ರ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯಗಳಿಂದ ಒಂದು ಗೋಲೂ ಬರದಿದ್ದಕ್ಕೆ, ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 2-1ರಲ್ಲಿ ಸೋತದ್ದಕ್ಕೆ ಶಿಬಿರವೊಂದನ್ನೇ ದೂರಿ ಪ್ರಯೋಜನವಿಲ್ಲ. ಗೋಲು ಹೊಡೆಯಲು ಚೆಟ್ರಿ ಬಿಟ್ಟರೆ ಇನ್ನೊಬ್ಬರನ್ನು ಐದು ವರ್ಷದಲ್ಲಿ ಅವರು ನೆಲೆಗೊಳಿಸಲಿಲ್ಲ.

ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಒಯ್ಯದಿದ್ದರೆ ತಾನಾಗಿ ಹೋಗುತ್ತೇನೆ ಎಂದಿದ್ದರು. 2024ರ ಜೂನ್ 6ರಂದು ಚೆಟ್ರಿಯ ವಿದಾಯ ಪಂದ್ಯ ಕೋಲ್ಕತ್ತದಲ್ಲಿ ಗೋಲಿಲ್ಲದೆ ಮುಗಿಯಿತು. ಐದು ದಿನದ ಮೇಲೆ ದೋಹಾದಲ್ಲಿ, ಗೆರೆ ದಾಟಿದ ಚೆಂಡನ್ನು ಒಳಗೆಳೆದು ಕತಾರ್ ಹೊಡೆದ ಗೋಲನ್ನು ರೆಫರಿ ಎತ್ತಿಹಿಡಿದರು. 2-1, ಕನಸು ಮುಗಿಯಿತು. ಸ್ಟಿಮಾಚ್ ತಾವಾಗಿ ಹೋಗಲಿಲ್ಲ. ಜೂನ್ 17ರಂದು ಫೆಡರೇಷನ್ನೇ ಕಳುಹಿಸಿತು, ಆಮೇಲೆ ಪರಿಹಾರದ ತಕರಾರೂ ನಡೆಯಿತು.

ಆಟ ಬಿಟ್ಟು ಕೋಚ್ ಆದವರು ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದವರು, ಭಾರತ ತಂಡದ ನಾಯಕರಾಗಿದ್ದವರು, 2001ರಲ್ಲಿ ಈಸ್ಟ್ ಬೆಂಗಾಲ್‌ಗೆ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟ ನಾಯಕ. ನಂತರ ತಾವೇ ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ ಸೇರಿದಂತೆ ಹಲವು ಸಣ್ಣ ಕ್ಲಬ್ಬುಗಳನ್ನು ನಡೆಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 49. ಸ್ಟಿಮಾಚ್ ಬಗ್ಗೆ ಬರೆದ ಶಾಯಿಯ ಹತ್ತರಲ್ಲಿ ಒಂದು ಪಾಲೂ ಅವರ ಕೋಚ್ ಬದುಕಿಗೆ ಸಿಕ್ಕಿಲ್ಲ.

ಸ್ಟಿಮಾಚ್ ನಂತರ ಬಂದ ಸ್ಪೇನಿನ ಮನೋಲೊ ಮಾರ್ಕೆಸ್ ಒಂದೇ ವರ್ಷದಲ್ಲಿ ಹೊರಟರು. 2025ರ ಆಗಸ್ಟ್‌ನಲ್ಲಿ ಆ ಜಾಗಕ್ಕೆ ಖಾಲಿದ್ ಜಮೀಲ್ ನೇಮಕಗೊಂಡರು. ಭಾರತ ತಂಡಕ್ಕೆ ಆಡಿದವರು, 2017ರಲ್ಲಿ ಮಿಜೋರಾಮಿನ ಪುಟ್ಟ ಐಜಾಲ್ ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟವರು. 2012ರ ನಂತರ ಆ ಹುದ್ದೆಗೆ ಪೂರ್ಣಾವಧಿಗೆ ಬಂದ ಮೊದಲ ಭಾರತೀಯ ಇವರೇ.