ಹೇಳಿ ಮಾಡಿಸಿದ ಸೀರೆಯ ಲೆಕ್ಕ

ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮವನ್ನು ದಾಟಿದ ಮೇಲೆ ಒಂದು ಕೊಡ ನೀರೆತ್ತಿ, ಇದರಲ್ಲಿ ಕಪಿಲೆಯದೆಷ್ಟು, ಕಾವೇರಿಯದೆಷ್ಟು ಎಂದು ಕೇಳಿದರೆ ಯಾರು ತಾನೇ ಹೇಳಬಲ್ಲರು? ಕಾರ್ಖಾನೆಯ ವೆಚ್ಚಗಳಲ್ಲಿಯೂ ಇಂಥದೊಂದು ಸಂಗಮವುಂಟು. ನೂಲಿನ ಬೆಲೆ, ನೇಯುವವನ ಕೂಲಿ ಯಾವ ಸೀರೆಗೆ ಸಂದವೆಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಕಟ್ಟಡದ ಬಾಡಿಗೆ, ವಿದ್ಯುಚ್ಛಕ್ತಿ, ಯಂತ್ರದ ರಿಪೇರಿ, ಮೇಸ್ತ್ರಿಯ ಸಂಬಳ ಇವೆಲ್ಲ ಕೂಡಿ ಒಂದೇ ಪ್ರವಾಹವಾಗಿಬಿಡುತ್ತವೆ. ಇದಕ್ಕೆ ಮೇಲುವೆಚ್ಚವೆಂದು ಹೆಸರು. ಇದನ್ನು ಯಾವ ಸರಕಿನ ತಲೆಯ ಮೇಲೆ ಎಷ್ಟು ಹೊರಿಸಬೇಕೆಂಬುದೇ ಇಂದಿನ ನನ್ನ ವಿಷಯ. ಒಣ ವಿಷಯವೆಂದು ಶ್ರೋತೃಗಳು ರೇಡಿಯೋದ ಕಿವಿ ಹಿಂಡಬಾರದಾಗಿ ಪ್ರಾರ್ಥನೆ. ಸಣ್ಣ ಉದ್ಯಮಿಯೊಬ್ಬ ಉಳಿಯುವುದೂ ಮುಳುಗುವುದೂ ಈ ಹಂಚಿಕೆಯನ್ನು ಅವಲಂಬಿಸಿರುವುದುಂಟು.

ಟಿ. ನರಸೀಪುರದ ಸರ್ಕಾರಿ ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ಗೂಡಿನಿಂದ ತೆಗೆದ ರೇಷ್ಮೆಯ ಎಳೆ, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗಿ ಸೀರೆಯಾಗುತ್ತದೆ. ನಮ್ಮ ಉದಾಹರಣೆಗೆ ಅಷ್ಟು ದೊಡ್ಡ ಸಂಸ್ಥೆ ಬೇಡ. ನಂಜನಗೂಡಿನ ಬದಿಯಲ್ಲಿ ವಿದ್ಯುತ್ ಮಗ್ಗಗಳ ಸಣ್ಣ ಶೆಡ್ಡೊಂದಿದೆಯೆಂದು ಕಲ್ಪಿಸಿಕೊಳ್ಳೋಣ. ಅಂಕಿಗಳೂ ಕಲ್ಪಿತವೇ. ಅಲ್ಲಿ ತಿಂಗಳಿಗೆ 1,000 ಸೀರೆ. ಅದರಲ್ಲಿ 960 ಸಾಧಾರಣ ಮಾಲು. ಉಳಿದ 40 ಒಂದು ಮದುವೆಯ ಮನೆಯವರು ಹೇಳಿ ಮಾಡಿಸುತ್ತಿರುವುದು: ಎಂಟು ಬಣ್ಣ, ಎಂಟು ಬಗೆಯ ಅಂಚು, ಒಂದೊಂದರಲ್ಲಿ ಐದೈದು. ಯಾವ ಸೀರೆಯಾದರೂ ಮಗ್ಗದ ಮೇಲೆ ಹತ್ತು ಗಂಟೆಯ ಕೆಲಸ. ತಿಂಗಳ ಮೇಲುವೆಚ್ಚ 5,00,000 ರೂಪಾಯಿ.

ಸಾಂಪ್ರದಾಯಿಕ ಕ್ರಮ ಸರಳವಾದುದು. ಐದು ಲಕ್ಷವನ್ನು ಮಗ್ಗದ ಹತ್ತು ಸಾವಿರ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 50, ಸೀರೆಗೆ 500 ರೂಪಾಯಿ. ನೂಲು, ಜರಿ, ಕೂಲಿ ಸೇರಿ 6,000 ಆಯಿತೆನ್ನೋಣ. ಮದುವೆಯ ಸೀರೆಯನ್ನು 7,500ಕ್ಕೆ ಒಪ್ಪಿಕೊಂಡ ಯಜಮಾನ, ಸೀರೆಗೆ ಸಾವಿರ ಲಾಭವೆಂದು ಹಿಗ್ಗುತ್ತಾನೆ.

ಚಟುವಟಿಕೆಯನ್ನು ಆಧರಿಸಿದ ಲೆಕ್ಕದವನು ಸಂಗಮದಿಂದ ಮೇಲಕ್ಕೆ, ಹೊಳೆಗಳು ಬೇರೆಬೇರೆಯಾಗಿರುವ ಕಡೆಗೆ ನಡೆಯುತ್ತಾನೆ. ಈ ಹಣವನ್ನು ಯಾವ ಕೆಲಸ ತಿಂದಿತು, ಆ ಕೆಲಸ ಎಷ್ಟು ಸಲ ನಡೆಯಿತು ಎಂಬುದೇ ಅವನ ಪ್ರಶ್ನೆ. ಐದು ಲಕ್ಷದಲ್ಲಿ ಮೂರು ಲಕ್ಷ ಮಾತ್ರ ಮಗ್ಗ ಓಡಿದ ಗಂಟೆಗಳನ್ನು ಅನುಸರಿಸುತ್ತದೆ. ಅದು ಸೀರೆಗೆ 300. ಮಗ್ಗವನ್ನು ಹೊಸ ಅಂಚಿಗೆ ಅಣಿಗೊಳಿಸುವುದಕ್ಕೆ ಒಂದು ಲಕ್ಷ. ತಿಂಗಳಲ್ಲಿ ಇಪ್ಪತ್ತು ಸಲ, ಅದರಲ್ಲಿ ಎಂಟು ಸಲ ಮದುವೆಯ ಮನೆಗಾಗಿ. ಬಣ್ಣ ಹಾಕುವ ಕೆಲಸಕ್ಕೆ 60,000. ಅದೂ ಇಪ್ಪತ್ತರಲ್ಲಿ ಎಂಟು ಸಲ. ಐದು ಸೀರೆಯ ನೂಲಾದರೂ ತೊಟ್ಟಿಯನ್ನು ತೊಳೆಯುವ ಶ್ರಮ ಒಂದೇ ತಾನೇ! ಮಾದರಿ ತೋರಿಸುವುದು, ಗಿರಾಕಿಯೊಡನೆ ಮಾತು, ತಿದ್ದುಪಡಿ ಇವಕ್ಕೆ 40,000. ಹತ್ತು ಮಾದರಿಗಳಲ್ಲಿ ಎಂಟು ಇವರವೇ. (ಮದುವೆಯ ಮನೆಯ ಹೆಂಗಸರು ಒಂದೇ ಮಾತಿಗೆ ಬಣ್ಣವನ್ನೊಪ್ಪಿದ್ದನ್ನು ನಾನಂತೂ ಕಂಡಿಲ್ಲ.) ಕೂಡಿಸಿದರೆ ಆ ನಲವತ್ತು ಸೀರೆಗಳ ಪಾಲಿಗೆ 1,08,000, ಎಂದರೆ ಸೀರೆಗೆ 2,700 ರೂಪಾಯಿ. ಸಾಧಾರಣ ಸೀರೆಗೆ 408 ಚಿಲ್ಲರೆ. ಸಾವಿರ ಲಾಭವೆಂದುಕೊಂಡಿದ್ದ ಕಡೆ 1,200 ನಷ್ಟ, ಒಟ್ಟು 48,000.

ಈ ನಷ್ಟವನ್ನು ಭರಿಸುತ್ತಿರುವುದು ಸಾಧಾರಣ ಸೀರೆ. ಅದರ ಅಸಲು ಕಾಗದದ ಮೇಲೆ ಉಬ್ಬುತ್ತದೆ, ಯಜಮಾನ ಬೆಲೆಯೇರಿಸುತ್ತಾನೆ, ವ್ಯಾಪಾರ ಪಕ್ಕದವನಿಗೆ ಹೋಗುತ್ತದೆ. ಹೇಳಿ ಮಾಡಿಸುವವರು ಮಾತ್ರ ಅಗ್ಗವೆಂದು ಹುಡುಕಿಕೊಂಡು ಬರುತ್ತಾರೆ. ಅಮೆರಿಕದ ವಾಟರ್‌ಲೂ ಪಟ್ಟಣದಲ್ಲಿ ಜಾನ್ ಡಿಯರ್ ಕಂಪನಿಯ ಟ್ರಾಕ್ಟರ್ ಬಿಡಿಭಾಗಗಳ ಕಾರ್ಖಾನೆಗೆ 1980ರ ದಶಕದಲ್ಲಿ ಒದಗಿದ್ದು ಇದೇ ಗತಿ: ಸಾವಿರಗಟ್ಟಲೆ ಮಾಡುವ ಭಾಗಗಳ ಟೆಂಡರು ಕೈತಪ್ಪುತ್ತಿತ್ತು, ಅಪರೂಪಕ್ಕೆ ಬೇಕಾಗುವವು ದಕ್ಕುತ್ತಿದ್ದವು. ಹಾರ್ವರ್ಡಿನ ರಾಬಿನ್ ಕೂಪರ್, ರಾಬರ್ಟ್ ಕಪ್ಲಾನ್ ಎಂಬ ವಿದ್ವಾಂಸರು ಅದನ್ನು ಪರಿಶೀಲಿಸಿ ಬರೆದ ಮೇಲೆಯೇ ಈ ಪದ್ಧತಿ ಪ್ರಸಿದ್ಧವಾಯಿತು.

ಹಾಗೆಂದು ಹಳೆಯ ಕ್ರಮ ಮೂರ್ಖರದೇನಲ್ಲ. ಕೂಲಿಯೇ ವೆಚ್ಚದ ಬಹುಪಾಲಾಗಿದ್ದ ಕಾಲಕ್ಕೆ ಅದು ತಕ್ಕದ್ದಾಗಿತ್ತು. ನಂಜನಗೂಡಿನ ಹಲ್ಲುಪುಡಿಯಂಥ ಒಂದೇ ಪದಾರ್ಥವನ್ನು ಒಂದೇ ಪೊಟ್ಟಣದಲ್ಲಿ ತುಂಬುವ ಕಾರ್ಖಾನೆಯಿದ್ದರೆ ಅದಕ್ಕೆ ಇಂದಿಗೂ ಅಷ್ಟೇ ಸಾಕು. ಹೊಸ ಲೆಕ್ಕ ಬಿಟ್ಟಿಯಾಗಿ ಬರುವುದಿಲ್ಲ. ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆದರೆಂದು ಬರೆದಿಡಲು ಒಬ್ಬ ಗುಮಾಸ್ತ ಬೇಕು.

ನಮ್ಮ ಯಜಮಾನ ಮದುವೆಯ ಮನೆಯನ್ನು ತಿರುಗಿಸಿ ಕಳುಹಿಸಬೇಕೇ? ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಬೆಲೆಯನ್ನು ಏರಿಸಬಹುದು, ಅಥವಾ ಎಂಟರ ಬದಲು ನಾಲ್ಕು ಬಗೆ ಸಾಲದೇ ಎಂದು ಕೇಳಬಹುದು. ನಾಲ್ಕಕ್ಕಿಳಿದರೆ ಅಣಿ, ಬಣ್ಣ, ಮಾದರಿ ಮೂರರ ವೆಚ್ಚವೂ ಅರ್ಧವಾಗಿ ಸರಿಯಾಗಿ 48,000 ಇಳಿಯುತ್ತದೆ, ನಷ್ಟ ತೀರುತ್ತದೆ. ಇದು ಲೆಕ್ಕದ ಪುಸ್ತಕದ ಮಾತು. ಮಗ್ಗ ಅಣಿಗೊಳಿಸುವವನಿಗೆ ತಿಂಗಳ ಸಂಬಳ ಹೇಗೂ ಕೊಡಲೇಬೇಕು. ಬಿಡುವಾದ ಅವನ ನಾಲ್ಕು ಸರದಿಗೆ ಬೇರೆ ಕೆಲಸ ಒದಗಿಸಿದಾಗಲಷ್ಟೇ ಆ ಹಣ ಪೆಟ್ಟಿಗೆಯಲ್ಲಿ ಕಾಣುವುದು.